ಅಮೆರಿಕದಲ್ಲಿ ರಾಜ್ಯ ಬದಲಿಸುವ ವೃದ್ಧರು: ಮೆಡಿಕೈಡ್ ಜೊತೆಗೆ ಬರುತ್ತದೆಯೇ?

ಕರಾವಳಿಯ ನಮ್ಮ ಚರ್ಚುಗಳಲ್ಲಿ, ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆ ಒಂದೂ ಇಲ್ಲದ ವಾಳೆ ಈಗ ಅಪರೂಪ. ನರ್ಸ್ ಆಗಿ, ಇಂಜಿನಿಯರ್ ಆಗಿ ಮೊದಲು ಹೋದ ತಲೆಮಾರಿನವರಿಗೆ ಈಗ ವಯಸ್ಸಾಗಿದೆ. ಅವರ ಹಿಂದೆ, ಮಕ್ಕಳ ಕರೆಗೆ ಓಗೊಟ್ಟು ಗ್ರೀನ್ ಕಾರ್ಡ್ ಪಡೆದು ಹೋದ ತಂದೆತಾಯಿಗಳೂ ಅಲ್ಲಿದ್ದಾರೆ. ಹೀಗಾಗಿ ಆ ದೇಶದ ವೃದ್ಧರ ಆರೈಕೆಯ ಕಾನೂನು ನಮಗೆ ಸಂಬಂಧಿಸಿದ್ದಲ್ಲ ಎಂದು ಹೇಳುವ ಹಾಗಿಲ್ಲ. ರಜೆಯಲ್ಲಿ ಊರಿಗೆ ಬಂದವರು ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ನಿಂತು ಮಾತನಾಡುವಾಗ ಈ ವಿಷಯ ಬಂದೇ ಬರುತ್ತದೆ: ಅಮ್ಮ ಇರುವುದು ನ್ಯೂಯಾರ್ಕಿನಲ್ಲಿ ಅಣ್ಣನ ಬಳಿ, ಅಣ್ಣನಿಗೆ ಇನ್ನು ಆಗುವುದಿಲ್ಲ, ಟೆಕ್ಸಸ್‌ನಲ್ಲಿರುವ ತಂಗಿ ಕರೆದುಕೊಂಡು ಹೋಗಲು ಸಿದ್ಧಳಿದ್ದಾಳೆ. ಅಮ್ಮನ ಆರೈಕೆಯ ಖರ್ಚು ಭರಿಸುತ್ತಿರುವ ಮೆಡಿಕೈಡ್ ಅವರ ಜೊತೆಗೆ ಹೋಗುತ್ತದೆಯೇ?

ಹೋಗುವುದಿಲ್ಲ. ಅದು ಒಂದು ರಾಜ್ಯದಲ್ಲಿ ಮುಗಿಯುತ್ತದೆ, ಇನ್ನೊಂದು ರಾಜ್ಯದಲ್ಲಿ ಮೊದಲಿನಿಂದ ಅರ್ಜಿ ಹಾಕಬೇಕಾಗುತ್ತದೆ. ಅರ್ಜಿ ಹಾಕುವ ಹಕ್ಕನ್ನು ಯಾರೂ ತಡೆಯುವಂತಿಲ್ಲ, ಆ ಮಟ್ಟಿಗೆ ಕಾನೂನು ವೃದ್ಧರ ಪರವಾಗಿಯೇ ಇದೆ. ಆದರೆ ಮನೆಯಲ್ಲೇ ಸಿಗುತ್ತಿದ್ದ ಆರೈಕೆ ಹೊಸ ರಾಜ್ಯದಲ್ಲಿ ಸಿಗದೆ ಹೋಗಬಹುದು. ಮಗಳ ಮನೆ ಸೇರಲು ಹೊರಟ ತಾಯಿ ಕೊನೆಗೆ ನರ್ಸಿಂಗ್ ಹೋಮ್ ಸೇರಬೇಕಾದ ಪ್ರಸಂಗ ಬರುವುದು ಇಲ್ಲಿಂದಲೇ. ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನು ಈ ದಾರಿಯನ್ನು ಇನ್ನಷ್ಟು ಇಕ್ಕಟ್ಟಾಗಿಸಿದೆ ಎಂಬುದೂ ಇದಕ್ಕೆ ಕಾರಣ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಮೆಡಿಕೇರ್ ಬೇರೆ, ಮೆಡಿಕೈಡ್ ಬೇರೆ. ಎರಡೂ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಒಂದೇ ಕಾನೂನಿನಿಂದ ಹುಟ್ಟಿದವು, ಹೆಸರೂ ಅಣ್ಣತಮ್ಮಂದಿರ ಹೆಸರಿನಂತಿವೆ, ಆದರೆ ಸ್ವಭಾವದಲ್ಲಿ ಹೋಲಿಕೆಯಿಲ್ಲ. ಮೆಡಿಕೇರ್ 65 ದಾಟಿದವರಿಗೆ ಕೇಂದ್ರ ಸರ್ಕಾರ ನಡೆಸುವ ವಿಮೆ. ದೇಶದ ಯಾವ ಮೂಲೆಗೆ ಹೋದರೂ ಅದು ಜೊತೆಗಿರುತ್ತದೆ. ಆದರೆ ಸ್ನಾನ ಮಾಡಿಸುವುದು, ಉಣಿಸುವುದು, ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದು ಮುಂತಾದ ದಿನನಿತ್ಯದ ದೀರ್ಘಕಾಲದ ಆರೈಕೆಗೆ ಅದು ಹಣ ಕೊಡುವುದಿಲ್ಲ. ಸಾಮಾನ್ಯವಾಗಿ ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ನಂತರ ನರ್ಸಿಂಗ್ ಸೌಲಭ್ಯಕ್ಕೆ ಹೋದವರಿಗೆ ಹೆಚ್ಚೆಂದರೆ 100 ದಿನ ಕೊಡುತ್ತದೆ, ಅದರಲ್ಲೂ ಪೂರ್ತಿ ಖರ್ಚು ಮೊದಲ 20 ದಿನಕ್ಕೆ ಮಾತ್ರ. ಆಮೇಲೆ ಸ್ವಂತ ಹಣ. ನರ್ಸಿಂಗ್ ಹೋಮ್‌ನ ಖರ್ಚು ಬಹಳಷ್ಟು ಕಡೆ ವರ್ಷಕ್ಕೆ 1 ಲಕ್ಷ ಡಾಲರ್ ದಾಟುತ್ತದೆ. ಜೀವಮಾನದ ಉಳಿತಾಯ ಎರಡು ಮೂರು ವರ್ಷದಲ್ಲಿ ಕರಗಿ ಹೋದ ಮೇಲೆ ಉಳಿಯುವುದು ಮೆಡಿಕೈಡ್. ಆ ದೇಶದ ನರ್ಸಿಂಗ್ ಹೋಮ್‌ಗಳಲ್ಲಿರುವ ಹತ್ತು ಜನರಲ್ಲಿ ಸುಮಾರು ಆರು ಜನರ ಖರ್ಚನ್ನು ಭರಿಸುತ್ತಿರುವುದು ಇದೇ. ಬಡವರ ಯೋಜನೆ ಎಂದು ಕರೆಯುತ್ತಾರೆ, ಆದರೆ ಅದರ ಆಸರೆಯಲ್ಲಿರುವ ವೃದ್ಧರಲ್ಲಿ ಅನೇಕರು ದುಡಿದು, ತೆರಿಗೆ ಕಟ್ಟಿ, ಮನೆ ಕಟ್ಟಿಕೊಂಡಿದ್ದ ಮಧ್ಯಮ ವರ್ಗದವರೇ.

ಮೆಡಿಕೈಡ್‌ನ ಹಣದಲ್ಲಿ ಕನಿಷ್ಠ ಅರ್ಧ ಪಾಲು ಕೇಂದ್ರದ್ದು, ಬಡ ರಾಜ್ಯಗಳಿಗೆ ಅದಕ್ಕಿಂತ ಹೆಚ್ಚು. ಆದರೆ ನಡೆಸುವುದು ರಾಜ್ಯ. ಆಯಾ ರಾಜ್ಯದಲ್ಲಿ ಅದರ ಹೆಸರೇ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್, ಟೆನೆಸಿಯಲ್ಲಿ ಟೆನ್‌ಕೇರ್. ಯಾರಿಗೆ ಕೊಡಬೇಕು, ಎಷ್ಟು ಆಸ್ತಿ ಇರಬಹುದು, ಎಷ್ಟು ನಿಶ್ಶಕ್ತರಾದರೆ ಆರೈಕೆಗೆ ಅರ್ಹರು ಎಂಬುದನ್ನೆಲ್ಲ ಕೇಂದ್ರ ಹಾಕಿದ ಗೆರೆಯೊಳಗೆ ರಾಜ್ಯವೇ ತೀರ್ಮಾನಿಸುತ್ತದೆ. ನಮ್ಮ ದೇಶದಲ್ಲಿ 2019ರಲ್ಲಿ ಆರಂಭವಾದ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯನ್ನು ಕಂಡವರಿಗೆ, ಅಷ್ಟು ಮುಂದುವರಿದ ದೇಶದಲ್ಲಿ ಇದಕ್ಕೂ ಅಂಥದೊಂದು ವ್ಯವಸ್ಥೆ ಇರಲೇಬೇಕು ಎನಿಸುವುದು ಸಹಜ. ಇಲ್ಲ. ಎರಡು ರಾಜ್ಯಗಳಲ್ಲಿ ಒಟ್ಟಿಗೆ ಮೆಡಿಕೈಡ್ ಪಡೆಯುವಂತೆಯೂ ಇಲ್ಲ.

ಹೊಸ ರಾಜ್ಯದಲ್ಲಿ ಆರು ತಿಂಗಳೋ ಒಂದು ವರ್ಷವೋ ವಾಸಿಸಿದ ಮೇಲೆಯೇ ಅರ್ಜಿ ಹಾಕಬಹುದು ಎಂಬ ನಂಬಿಕೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಇದು ತಪ್ಪು. ಹಿಂದೆ ಇಂಥ ಕಾನೂನುಗಳಿದ್ದವು. ವಿವಿಯನ್ ಥಾಂಪ್ಸನ್ ಎಂಬ 19 ವರ್ಷದ ತರುಣಿ 1966ರಲ್ಲಿ ಮ್ಯಾಸಚೂಸೆಟ್ಸ್ ಬಿಟ್ಟು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ಗೆ ಬಂದಳು. ಒಂದು ಮಗುವಿತ್ತು, ಇನ್ನೊಂದಕ್ಕೆ ಗರ್ಭಿಣಿ. ಬಂದದ್ದು ತನ್ನ ತಾಯಿಯ ಬಳಿ ಇರಲು. ಒಂದು ವರ್ಷ ವಾಸಿಸಿಲ್ಲ ಎಂಬ ಕಾರಣಕ್ಕೆ ಆಕೆಗೆ ಸರ್ಕಾರಿ ನೆರವು ನಿರಾಕರಿಸಲಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1969ರಲ್ಲಿ ತೀರ್ಪು ಬಂತು: ದೇಶದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವುದು ಪ್ರಜೆಯ ಹಕ್ಕು, ಹೊಸದಾಗಿ ಬಂದವರು ಎಂಬ ಕಾರಣಕ್ಕೆ ನೆರವು ತಡೆಯುವಂತಿಲ್ಲ. ಐದು ವರ್ಷಗಳ ನಂತರ, 1974ರಲ್ಲಿ, ಅದೇ ನ್ಯಾಯಾಲಯ ಅರಿಜೋನದ ಮ್ಯಾರಿಕೋಪಾ ಕೌಂಟಿಯ ಪ್ರಕರಣದಲ್ಲಿ ಇದನ್ನು ವೈದ್ಯಕೀಯ ಆರೈಕೆಗೂ ಅನ್ವಯಿಸಿತು. ಹೆನ್ರಿ ಎವಾರೋ ಎಂಬ ಬಡ ಉಬ್ಬಸ ರೋಗಿ ನ್ಯೂ ಮೆಕ್ಸಿಕೋದಿಂದ ಫೀನಿಕ್ಸ್‌ಗೆ ಬಂದ ಮರು ತಿಂಗಳೇ ಕಾಯಿಲೆ ಬಿದ್ದಿದ್ದ. ಒಂದು ವರ್ಷ ವಾಸಿಸದವರಿಗೆ ಉಚಿತ ಚಿಕಿತ್ಸೆ ಇಲ್ಲವೆಂದು ಕೌಂಟಿ ಹೇಳಿತ್ತು. ಆ ನಿಯಮ ಬಿದ್ದುಹೋಯಿತು.

ಇಂದು ಕೇಂದ್ರದ ಮೆಡಿಕೈಡ್ ನಿಯಮ ಸ್ಪಷ್ಟವಾಗಿಯೇ ಹೇಳುತ್ತದೆ: ಇಷ್ಟು ಕಾಲ ವಾಸಿಸಿಲ್ಲ ಎಂಬ ಕಾರಣಕ್ಕೆ ಯಾರ ಅರ್ಜಿಯನ್ನೂ ತಿರಸ್ಕರಿಸುವಂತಿಲ್ಲ. ಅಲ್ಲಿ ನೆಲೆಸುವ ಉದ್ದೇಶದಿಂದ ವಾಸಿಸಲು ತೊಡಗಿದ ದಿನದಿಂದಲೇ ಅವರು ಆ ರಾಜ್ಯದವರು. ಹಾಗಾದರೆ ಮರೆವಿನ ಕಾಯಿಲೆಯಿಂದ ತನ್ನ ಉದ್ದೇಶವನ್ನೇ ಹೇಳಲಾಗದ ತಾಯಿಯ ಗತಿ ಏನು? ಇದನ್ನೂ ನಿಯಮ ಯೋಚಿಸಿದೆ. 21 ವರ್ಷದ ನಂತರ ಇಂಥ ಸ್ಥಿತಿಗೆ ಬಂದು ಆರೈಕೆ ಸಂಸ್ಥೆಯಲ್ಲಿರುವವರು, ಸದ್ಯ ಯಾವ ರಾಜ್ಯದಲ್ಲಿ ದೇಹತಃ ಇದ್ದಾರೋ ಆ ರಾಜ್ಯದವರು. ಇನ್ನೊಂದು ರಾಜ್ಯದ ಸರ್ಕಾರವೇ ಅವರನ್ನು ಅಲ್ಲಿಗೆ ಕಳುಹಿಸಿದ್ದರೆ ಮಾತ್ರ ಕಳುಹಿಸಿದ ರಾಜ್ಯದ ಹೊಣೆ ಮುಂದುವರಿಯುತ್ತದೆ. ಮಕ್ಕಳು ತಾವಾಗಿ ಕರೆದೊಯ್ದರೆ ಹೊಣೆ ಹೊಸ ರಾಜ್ಯದ್ದು. "ನಿಮ್ಮ ಅಮ್ಮನಿಗೆ ಇಲ್ಲೇ ಇರುವ ಮನಸ್ಸಿದೆ ಎಂದು ಅವರೇ ಹೇಳಬೇಕು" ಎಂದು ಯಾವ ಗುಮಾಸ್ತನೂ ಹೇಳುವಂತಿಲ್ಲ.

ಇನ್ನೊಂದು ಸಂಗತಿ. ಕೆಲವು ವಾರ ಮಗಳ ಮನೆಗೆ ಹೋಗಿ ಬರುವುದು ರಾಜ್ಯ ಬದಲಿಸಿದಂತಲ್ಲ. ಹಿಂತಿರುಗುವ ಉದ್ದೇಶವಿದ್ದರೆ ತಾತ್ಕಾಲಿಕ ಗೈರುಹಾಜರಿಯ ಕಾರಣಕ್ಕೆ ಮೆಡಿಕೈಡ್ ರದ್ದು ಮಾಡುವಂತಿಲ್ಲ. ಹೊರರಾಜ್ಯದಲ್ಲಿ ತುರ್ತು ಚಿಕಿತ್ಸೆ ಬೇಕಾದರೆ ತವರು ರಾಜ್ಯವೇ ಕೊಡಬೇಕು. ಆದರೆ ದಿನನಿತ್ಯದ ಆರೈಕೆ ಮಾಡುವ ಸಹಾಯಕಿಯ ಸಂಬಳ ತುರ್ತು ಚಿಕಿತ್ಸೆಯಲ್ಲವಲ್ಲ.

ಹೀಗೆ ಕಾನೂನಿನ ಬಾಗಿಲು ತೆರೆದಿದೆ. ಒಳಗೆ ಹೋದ ಮೇಲೆ ಏನಿದೆ ಎಂಬುದು ಬೇರೆ ಮಾತು.

ನರ್ಸಿಂಗ್ ಹೋಮ್ ಆರೈಕೆ ಮೆಡಿಕೈಡ್‌ನಲ್ಲಿ ಕಡ್ಡಾಯ. ಅರ್ಹರಾದ ಯಾರಿಗೂ ಯಾವ ರಾಜ್ಯವೂ ಇಲ್ಲವೆನ್ನುವಂತಿಲ್ಲ. ಹಾಗಾಗಿ ಒಂದು ರಾಜ್ಯದ ನರ್ಸಿಂಗ್ ಹೋಮ್‌ನಿಂದ ಇನ್ನೊಂದು ರಾಜ್ಯದ ನರ್ಸಿಂಗ್ ಹೋಮ್‌ಗೆ ಹೋಗುವುದು ಕಷ್ಟವಾದರೂ ಸಾಧ್ಯ. ಮನೆಯಲ್ಲೇ ಆರೈಕೆ ಪಡೆಯುವುದು ಹಾಗಲ್ಲ. ಅದು ಬಹುಮಟ್ಟಿಗೆ ರಾಜ್ಯದ ಇಷ್ಟಕ್ಕೆ ಬಿಟ್ಟದ್ದು. ಇದರ ಹಿಂದೆ ಒಂದು ಕಥೆಯಿದೆ. ಅಯೋವಾ ರಾಜ್ಯದ ಸೀಡರ್ ರಾಪಿಡ್ಸ್‌ನಲ್ಲಿ 1978ರಲ್ಲಿ ಹುಟ್ಟಿದ ಕೇಟಿ ಬೆಕೆಟ್ ಎಂಬ ಮಗುವಿಗೆ ಕೆಲವೇ ತಿಂಗಳಲ್ಲಿ ಮೆದುಳಿನ ಉರಿಯೂತ ಬಂದು ಉಸಿರಾಟದ ಯಂತ್ರ ಬೇಕಾಯಿತು. ಆಸ್ಪತ್ರೆಯಲ್ಲಿದ್ದರೆ ಮೆಡಿಕೈಡ್ ಹಣ ಕೊಡುತ್ತಿತ್ತು. ಮನೆಗೆ ಕರೆದೊಯ್ದರೆ ತಂದೆತಾಯಿಯ ಆದಾಯ ಲೆಕ್ಕಕ್ಕೆ ಬಂದು ನಿಂತುಹೋಗುತ್ತಿತ್ತು, ಮನೆಯ ಖರ್ಚು ಆಸ್ಪತ್ರೆಯ ಖರ್ಚಿಗಿಂತ ಎಷ್ಟೋ ಕಡಿಮೆಯಿದ್ದರೂ. 1981ರ ನವೆಂಬರಿನಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಈ ಮಗುವಿನ ಪ್ರಕರಣವನ್ನು ಎತ್ತಿ ಹೇಳಿದರು. ವರ್ಷಾಂತ್ಯದೊಳಗೆ ಕೇಟಿ ಮನೆಗೆ ಬಂದಳು. ಬೆಳೆದು, ಅಂಗವಿಕಲರ ಹಕ್ಕುಗಳಿಗಾಗಿ ದುಡಿದು, 2012ರಲ್ಲಿ ತನ್ನ 34ನೇ ವಯಸ್ಸಿನಲ್ಲಿ ತೀರಿಕೊಂಡಳು.

ಅದೇ 1981ರಲ್ಲಿ ಕಾಂಗ್ರೆಸ್ ಒಂದು ಕಾನೂನು ಮಾಡಿ, ಸಂಸ್ಥೆಯ ಬದಲು ಮನೆಯಲ್ಲಿ ಆರೈಕೆ ಕೊಡಲು ರಾಜ್ಯಗಳು ಕೇಂದ್ರದಿಂದ ನಿಯಮ ವಿನಾಯಿತಿ ಪಡೆಯಬಹುದು ಎಂದಿತು. ಇದನ್ನೇ ಅಲ್ಲಿ ವೇವರ್ ಎನ್ನುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಖರ್ಚಿನ ಭಯದಿಂದ ಒಂದು ಷರತ್ತು ಸೇರಿಕೊಂಡಿತು: ವೇವರ್‌ನಲ್ಲಿ ಎಷ್ಟು ಜನರಿಗೆ ಜಾಗ ಎಂಬುದನ್ನು ರಾಜ್ಯ ಮೊದಲೇ ನಿಗದಿ ಮಾಡಬಹುದು. ಜಾಗ ತುಂಬಿದರೆ ಉಳಿದವರು ಕಾಯಬೇಕು. ಜಾರ್ಜಿಯಾದ ಇಬ್ಬರು ಮಹಿಳೆಯರು ಹೂಡಿದ ಓಲ್ಮ್‌ಸ್ಟೆಡ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ಅಗತ್ಯವಿಲ್ಲದೆ ಸಂಸ್ಥೆಯಲ್ಲಿ ಇಡುವುದು ತಾರತಮ್ಯ ಎಂದು ಹೇಳಿದರೂ, ಸಮಂಜಸ ವೇಗದಲ್ಲಿ ಚಲಿಸುವ ಕಾಯುವ ಪಟ್ಟಿಗೆ ಅವಕಾಶವಿಟ್ಟಿತು. 2024ರಲ್ಲಿ ದೇಶದಾದ್ಯಂತ ಇಂಥ ಪಟ್ಟಿಗಳಲ್ಲಿದ್ದವರು 7 ಲಕ್ಷಕ್ಕೂ ಹೆಚ್ಚು. ಬಹುಪಾಲು ಬೌದ್ಧಿಕ ಹಾಗೂ ಬೆಳವಣಿಗೆಯ ಅಂಗವೈಕಲ್ಯ ಇರುವವರು, ಉಳಿದವರಲ್ಲಿ ವೃದ್ಧರೂ ಇದ್ದಾರೆ. ವರ್ಷಗಟ್ಟಲೆ ಕಾದು ಒಂದು ರಾಜ್ಯದಲ್ಲಿ ಪಡೆದ ಜಾಗ ಇನ್ನೊಂದು ರಾಜ್ಯದಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿ ಪಟ್ಟಿಯ ಕೊನೆಯಿಂದ ಮತ್ತೆ ಆರಂಭ. ಅಂಗವಿಕಲ ಮಕ್ಕಳಿರುವ ಕುಟುಂಬಗಳು ಒಳ್ಳೆಯ ಉದ್ಯೋಗ ಬಂದರೂ ರಾಜ್ಯ ಬಿಟ್ಟು ಕದಲದಿರುವುದಕ್ಕೆ ಇದೊಂದು ಕಾರಣ.

ಈಗ ನಾವು ಮೊದಲು ಹೇಳಿದ ಕುಟುಂಬಕ್ಕೆ ಬರೋಣ. ಇದು ಒಂದು ಊಹೆಯ ಕುಟುಂಬ, ಆದರೆ ಲೆಕ್ಕಗಳು ನಿಜವಾದವು. ನ್ಯೂಯಾರ್ಕಿನಲ್ಲಿ 2025ರಲ್ಲಿ ಒಂಟಿ ವೃದ್ಧೆಯ ಬಳಿ 32,396 ಡಾಲರ್‌ವರೆಗೆ ಆಸ್ತಿ ಇರಬಹುದಿತ್ತು. ತಿಂಗಳ ಆದಾಯದ ಮಿತಿ 1,800 ಡಾಲರ್, ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನು ವೈದ್ಯಕೀಯ ಖರ್ಚಿಗೆ ತೋರಿಸಿ ಅರ್ಹರಾಗುವ ದಾರಿಯಿತ್ತು. ಮನೆಗೆ ಬಂದು ಆರೈಕೆ ಮಾಡುವ ಸಹಾಯಕಿಯ ಸೇವೆ ಅಲ್ಲಿ ಸಾಮಾನ್ಯ ಮೆಡಿಕೈಡ್‌ನಲ್ಲೇ ಸೇರಿದೆ. ಟೆಕ್ಸಸ್‌ನಲ್ಲಿ ಆಸ್ತಿಯ ಮಿತಿ 2,000 ಡಾಲರ್. ಮೂವತ್ತು ಸಾವಿರ ಡಾಲರ್ ಉಳಿತಾಯವಿಟ್ಟುಕೊಂಡು ನ್ಯೂಯಾರ್ಕಿನಲ್ಲಿ ಅರ್ಹಳಾಗಿದ್ದ ತಾಯಿ ಟೆಕ್ಸಸ್‌ನಲ್ಲಿ ವಿಮಾನದಿಂದ ಇಳಿದ ಕ್ಷಣದಲ್ಲೇ ಅನರ್ಹಳು. ದೀರ್ಘಕಾಲದ ಆರೈಕೆಗೆ ಆದಾಯದ ಮಿತಿ 2025ರಲ್ಲಿ ತಿಂಗಳಿಗೆ 2,901 ಡಾಲರ್, ಅದೂ ಕಟ್ಟುನಿಟ್ಟಿನ ಮಿತಿ. ಒಂದು ಡಾಲರ್ ಹೆಚ್ಚಾದರೂ ವಕೀಲರ ಬಳಿ ಹೋಗಿ ವಿಶೇಷ ಟ್ರಸ್ಟ್ ಮಾಡಿಸಬೇಕು. ಮಿಲ್ಲರ್ ಟ್ರಸ್ಟ್ ಎಂದು ಇದಕ್ಕೆ ಹೆಸರು, ಕೊಲರಾಡೋದ ಒಂದು ಹಳೆಯ ಮೊಕದ್ದಮೆಯಿಂದ ಬಂದದ್ದು.

ಇಷ್ಟೆಲ್ಲ ಆದ ಮೇಲೆ ಮನೆಯ ಆರೈಕೆ ಸಿಗುತ್ತದೆಯೇ? ಟೆಕ್ಸಸ್‌ನಲ್ಲಿ ಕೆಲವು ಗಂಟೆಗಳ ಸಹಾಯಕಿಯ ಸೇವೆ ಬೇರೆ ದಾರಿಯಿಂದ ಸಿಗಬಹುದು. ನರ್ಸಿಂಗ್ ಹೋಮ್‌ಗೆ ಸಮನಾದ ಪೂರ್ಣ ಆರೈಕೆ ಮನೆಯಲ್ಲಿ ಬೇಕಾದರೆ ವೇವರ್ ಬೇಕು, ವೇವರ್‌ಗೆ ಪಟ್ಟಿ ಇದೆ. ಟೆಕ್ಸಸ್ ಅದನ್ನು ಕಾಯುವ ಪಟ್ಟಿ ಎಂದು ಕರೆಯುವುದಿಲ್ಲ, ಆಸಕ್ತಿ ಪಟ್ಟಿ ಎನ್ನುತ್ತದೆ! ಹೆಸರಿನಲ್ಲೇನಿದೆ ಎನ್ನಬಹುದು, ಆದರೆ ಹಾಸಿಗೆ ಹಿಡಿದ ತಾಯಿಗೆ ಸ್ನಾನ ಮಾಡಿಸಲು ಒಬ್ಬರು ಬೇಕು ಎಂಬುದನ್ನು ಆಸಕ್ತಿ ಎಂದು ಕರೆಯುವುದು ನಮಗೆ ಸರಿಯೆನಿಸುವುದಿಲ್ಲ. ಈ ಪಟ್ಟಿಯನ್ನು ದಾಟಿ ಹೋಗಲು ಒಂದು ದಾರಿ ಇದೆ. ಮೊದಲು ನರ್ಸಿಂಗ್ ಹೋಮ್ ಸೇರಿ, ಮೆಡಿಕೈಡ್ ಪಡೆದು, ಅಲ್ಲಿಂದ ಮನೆಗೆ ಹೋಗುತ್ತೇನೆ ಎಂದು ಕೇಳಿದವರು ಪಟ್ಟಿಯಲ್ಲಿ ಕಾಯಬೇಕಿಲ್ಲ. ಅಂದರೆ ಮಗಳ ಮನೆಗೆ ಬಂದ ತಾಯಿ, ಮಗಳ ಮನೆಯಲ್ಲಿ ಇರಲು ಸಾಧ್ಯವಾಗಬೇಕಾದರೆ, ಮೊದಲು ನರ್ಸಿಂಗ್ ಹೋಮ್‌ಗೆ ಹೋಗಿ ಬರಬೇಕು. ಎಷ್ಟೋ ಕುಟುಂಬಗಳಿಗೆ ಇಂಥದೊಂದು ದಾರಿ ಇದೆ ಎಂಬುದೇ ತಿಳಿಯುವುದಿಲ್ಲ.

ಎಲ್ಲ ರಾಜ್ಯಗಳೂ ಟೆಕ್ಸಸ್‌ನಂತೆ ಎಂದಲ್ಲ. ಇಲಿನಾಯ್‌ನಲ್ಲಿ ಆಸ್ತಿಯ ಮಿತಿ 17,500 ಡಾಲರ್. ಕ್ಯಾಲಿಫೋರ್ನಿಯಾ 2024ರ ಜನವರಿಯಲ್ಲಿ ಆಸ್ತಿಯ ಮಿತಿಯನ್ನೇ ತೆಗೆದುಹಾಕಿತ್ತು, 2026ರ ಜನವರಿ 1ರಿಂದ ಮತ್ತೆ 1,30,000 ಡಾಲರ್‌ನ ಮಿತಿ ತಂದಿದೆ. ಸಣ್ಣ ವಿಷಯಗಳಲ್ಲೂ ವ್ಯತ್ಯಾಸವಿದೆ. ನರ್ಸಿಂಗ್ ಹೋಮ್‌ನಲ್ಲಿರುವವರ ಪಿಂಚಣಿ ಬಹುತೇಕ ಆರೈಕೆಗೇ ಹೋಗುತ್ತದೆ, ಕೈಖರ್ಚಿಗೆ ಸ್ವಲ್ಪ ಬಿಡುತ್ತಾರೆ. ಆ ಸ್ವಲ್ಪ 2025ರಲ್ಲಿ ಅಲಬಾಮಾದಲ್ಲಿ ತಿಂಗಳಿಗೆ 30 ಡಾಲರ್, ಫ್ಲೋರಿಡಾದಲ್ಲಿ 160, ಅಲಾಸ್ಕಾದಲ್ಲಿ 200. ಕೂದಲು ಕತ್ತರಿಸುವುದು, ಒಂದು ಜೊತೆ ಚಪ್ಪಲಿ, ಮೊಮ್ಮಗುವಿಗೆ ಹುಟ್ಟುಹಬ್ಬದ ಕಾರ್ಡು ಎಲ್ಲ ಇದರಲ್ಲೇ ಆಗಬೇಕು.

ನಮ್ಮ ಜನರಿಗೆ ಇನ್ನೂ ಎರಡು ತೊಡಕುಗಳಿವೆ. ಇವನ್ನು ಅಮೆರಿಕದ ಪತ್ರಿಕೆಗಳು ಹೆಚ್ಚಾಗಿ ಬರೆಯುವುದಿಲ್ಲವಾದ್ದರಿಂದ ನಾವು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಮೊದಲನೆಯದು ಗ್ರೀನ್ ಕಾರ್ಡ್. 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್ ಪಡೆದವರಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಕೇಂದ್ರದ ಹಣದ ಮೆಡಿಕೈಡ್ ಇಲ್ಲ, ತುರ್ತು ಚಿಕಿತ್ಸೆ ಮಾತ್ರ. ರಾಜ್ಯ ಬದಲಿಸಿದರೆ ಈ ಐದು ವರ್ಷ ಮತ್ತೆ ಮೊದಲಿನಿಂದ ಆರಂಭವಾಗುವುದಿಲ್ಲ ಎಂಬುದು ಸಮಾಧಾನ. ಆದರೆ ನ್ಯೂಯಾರ್ಕಿನ ಉಚ್ಚ ನ್ಯಾಯಪೀಠ 2001ರಲ್ಲಿ ಕೊಟ್ಟ ತೀರ್ಪಿನಿಂದಾಗಿ ಆ ರಾಜ್ಯ ಐದು ವರ್ಷ ತುಂಬದವರಿಗೂ ತನ್ನದೇ ಹಣದಿಂದ ಆರೈಕೆ ಕೊಡುತ್ತಾ ಬಂದಿದೆ. ಟೆಕ್ಸಸ್ ಹಾಗೆ ಕೊಡುವುದಿಲ್ಲ. ಅಷ್ಟೇ ಅಲ್ಲ, 1996ರ ಆಗಸ್ಟ್ ನಂತರ ಬಂದ ಗ್ರೀನ್ ಕಾರ್ಡ್‌ದಾರರು ಐದು ವರ್ಷ ತುಂಬಿದ ಮೇಲೂ ಸಾಮಾನ್ಯವಾಗಿ 40 ತ್ರೈಮಾಸಿಕ, ಅಂದರೆ ಹತ್ತು ವರ್ಷದಷ್ಟು ದುಡಿಮೆಯ ದಾಖಲೆ ತೋರಿಸಬೇಕು. ಗಂಡನ ದುಡಿಮೆ ಹೆಂಡತಿಯ ಲೆಕ್ಕಕ್ಕೆ ಸೇರಬಹುದು. ಮಗನ ದುಡಿಮೆ ತಾಯಿಯ ಲೆಕ್ಕಕ್ಕೆ ಸೇರುವುದಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋದ ಅಜ್ಜಿ ಎಲ್ಲಿಂದ ಹತ್ತು ವರ್ಷದ ಸಂಬಳದ ಚೀಟಿ ತರಬೇಕು? ಆಕೆ ಪೌರತ್ವ ಪಡೆದಿದ್ದರೆ ಈ ತಡೆಗಳು ಇರುವುದಿಲ್ಲ. ಆದುದರಿಂದ ರಾಜ್ಯ ಬಿಡುವ ಮೊದಲು ಪೌರತ್ವದ ಕೆಲಸ ಮುಗಿಸಿಕೊಳ್ಳುವುದು ವಿವೇಕ. ಪೌರತ್ವದ ಅರ್ಜಿಗೂ ಆ ಪ್ರದೇಶದಲ್ಲಿ ಮೂರು ತಿಂಗಳ ವಾಸ ಬೇಕೆಂಬ ನಿಯಮವಿರುವುದರಿಂದ ಹೋದ ಮೇಲೆ ನೋಡೋಣ ಎಂದರೆ ತಡವಾಗುತ್ತದೆ.

ಎರಡನೆಯದು ಊರಿನ ಆಸ್ತಿ. ಮೆಡಿಕೈಡ್ ಅರ್ಜಿಯಲ್ಲಿ ಜಗತ್ತಿನ ಯಾವ ಮೂಲೆಯಲ್ಲಿರುವ ಆಸ್ತಿಯನ್ನೂ ಹೇಳಬೇಕು. ಬಂಟ್ವಾಳದ ತೋಟ, ಕುಂದಾಪುರದ ಹಳೆಮನೆಯಲ್ಲಿನ ಪಾಲು, ಮಂಗಳೂರಿನ ಬ್ಯಾಂಕಿನ ಠೇವಣಿ ಎಲ್ಲವೂ ಇದರಲ್ಲಿ ಬರುತ್ತದೆ. ದೀರ್ಘಕಾಲದ ಆರೈಕೆಗೆ ಅರ್ಜಿ ಹಾಕಿದಾಗ ಹಿಂದಿನ ಐದು ವರ್ಷ, ಅಂದರೆ 60 ತಿಂಗಳಲ್ಲಿ, ಯಾರಿಗೆ ಏನನ್ನು ಉಚಿತವಾಗಿ ಕೊಟ್ಟಿರಿ ಎಂದು ಬಹುತೇಕ ರಾಜ್ಯಗಳು ಕೇಳುತ್ತವೆ. 2006ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾನೂನು ಮೂರು ವರ್ಷವಿದ್ದದ್ದನ್ನು ಐದಕ್ಕೆ ಏರಿಸಿತು. ಊರಿಗೆ ಬಂದಿದ್ದಾಗ ತನ್ನ ಪಾಲನ್ನು ತಮ್ಮನ ಹೆಸರಿಗೆ ಬರೆದುಕೊಟ್ಟು ಹೋದ ಅಕ್ಕನಿಗೆ ಅದು ಸಹಜ ಪ್ರೀತಿಯ ಕೆಲಸ. ಅಲ್ಲಿನ ಕಚೇರಿಗೆ ಅದು ದಂಡ ಹಾಕಬೇಕಾದ ವರ್ಗಾವಣೆ, ಆ ಆಸ್ತಿಯ ಬೆಲೆಗೆ ಅನುಗುಣವಾಗಿ ಇಷ್ಟು ತಿಂಗಳು ಆರೈಕೆ ಇಲ್ಲ ಎಂದು ತೀರ್ಮಾನಿಸುತ್ತದೆ. ಒಂದು ರಾಜ್ಯದಲ್ಲಿ ಒಮ್ಮೆ ಪರಿಶೀಲನೆ ಮುಗಿದಿದ್ದರೂ ಹೊಸ ರಾಜ್ಯದಲ್ಲಿ ಅದು ಹೊಸ ಅರ್ಜಿ, ಹೊಸ ಲೆಕ್ಕ. ಪಾಲಾಗದ, ಮಾರಲಾಗದ ಆಸ್ತಿಗೆ ವಿನಾಯಿತಿ ಕೇಳಬಹುದು, ಆದರೆ ಮಾರಲಾಗದು ಎಂಬುದಕ್ಕೆ ಕಾಗದ ಬೇಕು. ಊರಿನ ತಹಶೀಲ್ದಾರರ ಕಚೇರಿಯ ಪಹಣಿಯೂ ವಕೀಲರ ಪತ್ರವೂ ಇಂಗ್ಲಿಷ್ ಅನುವಾದದೊಂದಿಗೆ ಡಾಲಸ್‌ನ ಒಂದು ಮೇಜಿನ ಮೇಲೆ ಹೋಗಬೇಕಾದ ಕಾಲ ಇದು. ಅಮ್ಮನನ್ನು ಊರಿಗೇ ಕಳುಹಿಸಿಬಿಡೋಣ ಎನ್ನುವವರಿಗೆ ಒಂದು ಮಾತು: ಮೆಡಿಕೈಡ್ ಅಮೆರಿಕದ ಹೊರಗೆ ಒಂದು ಡಾಲರನ್ನೂ ಕೊಡುವುದಿಲ್ಲ.

ಇನ್ನು 2025ರ ಕಾನೂನು. ಅದು ಮೆಡಿಕೈಡ್‌ಗೆ ಕೇಂದ್ರ ಕೊಡುವ ಹಣವನ್ನು ಹತ್ತು ವರ್ಷಗಳಲ್ಲಿ ಸುಮಾರು 900 ಬಿಲಿಯನ್ ಡಾಲರ್‌ನಷ್ಟು ಕಡಿಮೆ ಮಾಡುತ್ತದೆ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜು. ವೃದ್ಧರ ಆರೈಕೆಯನ್ನು ನೇರವಾಗಿ ಕಡಿತ ಮಾಡಿಲ್ಲ ಎಂದು ಅದನ್ನು ತಂದವರು ಹೇಳುತ್ತಾರೆ, ಅದರಲ್ಲಿ ಸತ್ಯವೂ ಇದೆ. 2028ರ ಜುಲೈನಿಂದ, ನರ್ಸಿಂಗ್ ಹೋಮ್ ಸೇರುವಷ್ಟು ನಿಶ್ಶಕ್ತರಲ್ಲದವರಿಗೂ ಮನೆ ಆರೈಕೆ ಕೊಡಬಹುದಾದ ಹೊಸ ಬಗೆಯ ವೇವರ್‌ಗೆ ಅವಕಾಶ ಕೂಡ ಕೊಟ್ಟಿದೆ. ಆದರೆ ಹಣ ಕಡಿಮೆಯಾದಾಗ ರಾಜ್ಯಗಳು ಕಡ್ಡಾಯವಾದ ನರ್ಸಿಂಗ್ ಹೋಮ್ ಅನ್ನು ಮುಟ್ಟುವಂತಿಲ್ಲ, ಐಚ್ಛಿಕವಾದ ಮನೆ ಆರೈಕೆಯನ್ನೇ ಮುಟ್ಟಬೇಕು. ನಮ್ಮ ಆತಂಕ ಇರುವುದು ಅಲ್ಲಿ.

ರಾಜ್ಯ ಬದಲಿಸುವವರಿಗೆ ನೇರವಾಗಿ ತಟ್ಟುವುದು ಇನ್ನೊಂದು ಬದಲಾವಣೆ. ಇದುವರೆಗೆ ಅರ್ಜಿ ಸಲ್ಲಿಸಿದ ತಿಂಗಳಿಗಿಂತ ಹಿಂದಿನ ಮೂರು ತಿಂಗಳ ಖರ್ಚನ್ನೂ, ಆಗ ಅರ್ಹರಾಗಿದ್ದರೆ, ಮೆಡಿಕೈಡ್ ಭರಿಸುತ್ತಿತ್ತು. ಕೆಲವು ರಾಜ್ಯಗಳು ಕೇಂದ್ರದ ಅನುಮತಿ ಪಡೆದು ಇದನ್ನು ಮೊದಲೇ ಕಡಿಮೆ ಮಾಡಿದ್ದವು. ಹೊಸ ಊರಿಗೆ ಬಂದು, ಕಾಗದಪತ್ರ ಹುಡುಕಿ, ಅರ್ಜಿ ತುಂಬಿಸುವಷ್ಟರಲ್ಲಿ ಕಳೆದುಹೋಗುವ ವಾರಗಳಿಗೆ ಇದೇ ಸೇತುವೆಯಾಗಿತ್ತು. 2027ರ ಜನವರಿ 1ರಿಂದ ವೃದ್ಧರಿಗೆ ಈ ಮೂರು ತಿಂಗಳು ಎರಡಾಗುತ್ತದೆ. ನರ್ಸಿಂಗ್ ಹೋಮ್‌ನ ಒಂದು ತಿಂಗಳ ಖರ್ಚು ಎಂಟು ಒಂಬತ್ತು ಸಾವಿರ ಡಾಲರ್ ಎಂದು ಲೆಕ್ಕ ಹಾಕಿದರೆ ಈ ಒಂದು ತಿಂಗಳ ಬೆಲೆ ಅರ್ಥವಾಗುತ್ತದೆ. ವೇವರ್ ಮೂಲಕ ಸಿಗುವ ಮನೆ ಆರೈಕೆಗಂತೂ ಈ ಹಿಂದಿನ ತಿಂಗಳುಗಳ ಅನುಕೂಲ ಮೊದಲೂ ಇರಲಿಲ್ಲ, ಆರೈಕೆಯ ಯೋಜನೆ ಮಂಜೂರಾದ ದಿನದಿಂದಲೇ ಹಣ.

ಅದೇ ಕಾನೂನಿನಲ್ಲಿ, ಒಬ್ಬರೇ ಎರಡು ರಾಜ್ಯಗಳಲ್ಲಿ ದಾಖಲಾಗಿರುವುದನ್ನು ಪತ್ತೆ ಹಚ್ಚಲು 2029ರ ಅಕ್ಟೋಬರ್ ಒಳಗೆ ರಾಷ್ಟ್ರಮಟ್ಟದ ವ್ಯವಸ್ಥೆ ಬರಬೇಕು ಎಂದಿದೆ. ದುರುಪಯೋಗ ತಡೆಯುವುದು ಸರಿಯೇ. ಆದರೆ ಎಲ್ಲ ರಾಜ್ಯಗಳ ಹೆಸರುಗಳನ್ನೂ ಒಂದು ಕಡೆ ತಂದು ಹೋಲಿಸುವ ಗಣಕಯಂತ್ರಕ್ಕೆ, ಒಬ್ಬ ವೃದ್ಧೆಯ ಕಡತವನ್ನು ಹಳೆಯ ರಾಜ್ಯದಿಂದ ಹೊಸ ರಾಜ್ಯಕ್ಕೆ ಕಳುಹಿಸುವುದು ಕಷ್ಟವೇ? ಆ ಕೆಲಸವನ್ನು ಅದಕ್ಕೆ ಯಾರೂ ಹೇಳಿಲ್ಲ. ಇದು ಅಸಾಧ್ಯವೂ ಅಲ್ಲ. ವಿಶೇಷ ಅಗತ್ಯವಿರುವ ಮಕ್ಕಳನ್ನು ಕೇಂದ್ರದ ದತ್ತು ನೆರವಿನೊಂದಿಗೆ ದತ್ತು ಪಡೆದ ಕುಟುಂಬ ರಾಜ್ಯ ಬದಲಿಸಿದರೆ ಮಗುವಿಗೆ ಹೊಸ ರಾಜ್ಯ ಮೆಡಿಕೈಡ್ ಕೊಡಲೇಬೇಕೆಂಬ ನಿಯಮವಿದೆ. ರಾಜ್ಯಗಳು ಇದಕ್ಕಾಗಿ 1986ರಲ್ಲಿ ಪರಸ್ಪರ ಒಪ್ಪಂದವನ್ನೂ ಮಾಡಿಕೊಂಡವು. ಮಗುವಿಗೆ ಸಾಧ್ಯವಾದದ್ದು ಅಜ್ಜಿಗೆ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಅಲ್ಲಿನ ಸಂಸತ್ತಿನಲ್ಲಿ ಗಟ್ಟಿಯಾಗಿ ಕೇಳಬೇಕಿತ್ತು ಎಂದು ನಾವು ಭಾವಿಸುತ್ತೇವೆ.

ಕೊನೆಗೆ, ಇಂಥ ಕುಟುಂಬಗಳು ಸಲಹೆ ಕೇಳಿದಾಗ ನಮ್ಮ ಗುರಿಕಾರರೂ ಧರ್ಮಭಗಿನಿಯರೂ ಹೇಳಬಹುದಾದ ಕೆಲವು ಮಾತುಗಳು. ಟಿಕೆಟ್ ಮಾಡುವ ಮೊದಲೇ ಹೊಸ ರಾಜ್ಯದ ಮಿತಿಗಳನ್ನು ವೃದ್ಧರ ಕಾನೂನು ತಿಳಿದ ಆ ರಾಜ್ಯದ ವಕೀಲರಿಂದ ಕೇಳಿ ತಿಳಿಯಲಿ. ಹಳೆಯ ರಾಜ್ಯದ ವಕೀಲರಿಗೆ ಹೊಸ ರಾಜ್ಯದ ನಿಯಮ ಗೊತ್ತಿರಬೇಕೆಂದಿಲ್ಲ. ನರ್ಸಿಂಗ್ ಹೋಮ್‌ಗೆ ಹೋಗುವುದಾದರೆ, ಅರ್ಜಿ ಬಾಕಿಯಿರುವಾಗಲೇ ಸೇರಿಸಿಕೊಳ್ಳುತ್ತಾರೆಯೇ ಎಂದು ಮೊದಲು ಕೇಳಬೇಕು, ಎಲ್ಲರೂ ಸೇರಿಸಿಕೊಳ್ಳುವುದಿಲ್ಲ. ಐದು ವರ್ಷದ ಬ್ಯಾಂಕ್ ಲೆಕ್ಕ, ಈಗಿನ ಆರೈಕೆಯ ಮೌಲ್ಯಮಾಪನ, ಔಷಧಿಗಳ ಪಟ್ಟಿ, ಮುಖ್ತ್ಯಾರ್ ಪತ್ರ ಇವೆಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ತಾಯಿಗೆ ಮರೆವು ಆರಂಭವಾಗಿದ್ದರೆ ಸಹಿ ಹಾಕುವ ತಿಳಿವಳಿಕೆ ಇರುವಾಗಲೇ ಮುಖ್ತ್ಯಾರ್ ಪತ್ರ ಮಾಡಿಸುವುದು ಎಲ್ಲಕ್ಕಿಂತ ಮುಖ್ಯ. ಆಮೇಲೆ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಹಳೆಯ ರಾಜ್ಯದ ಮೆಡಿಕೈಡ್ ಸಾಮಾನ್ಯವಾಗಿ ತಿಂಗಳ ಕೊನೆಗೆ ನಿಲ್ಲುವುದರಿಂದ, ತಿಂಗಳ ಆರಂಭದಲ್ಲಿ ಹೊರಟು ತಲುಪಿದ ದಿನವೇ ಅರ್ಜಿ ಹಾಕುವುದು ಒಳ್ಳೆಯದು. ತೀರ್ಮಾನಕ್ಕೆ ರಾಜ್ಯಕ್ಕೆ 45 ದಿನ, ಅಂಗವೈಕಲ್ಯದ ಆಧಾರದ ಅರ್ಜಿಯಾದರೆ 90 ದಿನ ಕಾಲಾವಕಾಶವಿದೆ.

ಆಸ್ತಿಯ ಮಿತಿ ಹೆಚ್ಚಿರುವ ರಾಜ್ಯದಿಂದ ಕಡಿಮೆ ಇರುವ ರಾಜ್ಯಕ್ಕೆ ಹೋಗುವವರು ಹೆಚ್ಚಿನ ಹಣವನ್ನು ಮಕ್ಕಳಿಗೆ ಕೊಟ್ಟು ಕೈತೊಳೆದುಕೊಳ್ಳಬಾರದು. ತಾಯಿಯ ಹಲ್ಲು, ಕಿವಿಯ ಯಂತ್ರ, ಮಗಳ ಮನೆಯ ಬಚ್ಚಲಿಗೆ ಹಿಡಿಕೆ, ಗಾಲಿಕುರ್ಚಿ ಇಳಿಯುವ ಇಳಿಜಾರು ಮುಂತಾದ ತಾಯಿಯದೇ ಅಗತ್ಯಗಳಿಗೆ ಖರ್ಚು ಮಾಡಿ ರಶೀದಿ ಇಟ್ಟುಕೊಳ್ಳಬಹುದು. ಮನೆಯ ಆರೈಕೆಯೇ ಬೇಕೆನ್ನುವವರು, ಹೊಸ ರಾಜ್ಯದಲ್ಲಿ ವೇವರ್‌ಗೆ ಪಟ್ಟಿ ಇದೆಯೇ, ಎಷ್ಟು ಉದ್ದ, ಸಂಸ್ಥೆಯಿಂದ ಬರುವವರಿಗೆ ಆದ್ಯತೆ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಹಳೆಯ ರಾಜ್ಯದ ಮೆಡಿಕೈಡ್ ಅನ್ನು ಬಿಟ್ಟುಕೊಡದಿರುವುದು ಲೇಸು. ಪಟ್ಟಿ ಉದ್ದವಿದ್ದರೆ, ತಾಯಿಯನ್ನು ಟೆಕ್ಸಸ್‌ಗೆ ಕರೆದೊಯ್ಯುವ ಬದಲು ತಂಗಿ ವರ್ಷಕ್ಕೆ ಕೆಲವು ವಾರ ನ್ಯೂಯಾರ್ಕಿಗೆ ಬಂದು ಅಣ್ಣನಿಗೆ ಬಿಡುವು ಕೊಡುವುದನ್ನೂ ಕುಟುಂಬ ಯೋಚಿಸಬಹುದು.